ಕಿವಿಯಲ್ಲೇ ಕಾಣುವವರ ಕಡಲು

ಸ್ಯಾನ್ ವಾನ್ ದ್ವೀಪದ ಪಡುವಣ ಬಂಡೆಗಳ ಮೇಲೆ ನಿಂತರೆ ಎದುರಿಗೆ ಕಾಣುವುದು ಬೇರೆ ದೇಶ. ಕಾಲ ಕೆಳಗಿನದು ಅಮೆರಿಕದ ವಾಷಿಂಗ್ಟನ್ ರಾಜ್ಯ, ಆಚೆ ನೀಲಿಯಾಗಿ ಚಾಚಿಕೊಂಡಿರುವುದು ಕೆನಡಾದ ವ್ಯಾಂಕೂವರ್ ದ್ವೀಪ. ನಡುವಿನ ನೀರಿಗೆ ಹಾರೋ ಜಲಸಂಧಿ ಎನ್ನುತ್ತಾರೆ. ಎಡಕ್ಕೆ, ದೂರದ ದಕ್ಷಿಣದಲ್ಲಿ, ಒಲಿಂಪಿಕ್ ಬೆಟ್ಟಸಾಲು ಜುಲೈ ತಿಂಗಳಲ್ಲೂ ಹಿಮ ಹೊತ್ತು ನಿಂತಿತ್ತು. ಒಂದು ಕಾಲಕ್ಕೆ ಇಲ್ಲಿ ಸುಣ್ಣದಕಲ್ಲು ಸುಡುತ್ತಿದ್ದರಂತೆ. ಆ ಭಟ್ಟಿಗಳ ದೆಸೆಯಿಂದ ಜಾಗಕ್ಕೆ ಲೈಮ್ ಕಿಲ್ನ್ ಪಾಯಿಂಟ್ ಎಂಬ ಹೆಸರು ಬಿದ್ದಿದೆ. 1919ರಲ್ಲಿ ಕಟ್ಟಿದ ಬಿಳಿಯ ಪುಟ್ಟ ದೀಪಸ್ತಂಭ, ತೊಗಟೆ ಸುಲಿದುಕೊಂಡು ಕೆಂಪಗೆ ಹೊಳೆಯುವ ಮಡ್ರೋನ ಮರಗಳು, ಬಂಡೆಯ ಬುಡದಲ್ಲಿ ಅಲೆಗೆ ತೂಗುವ ಕೆಲ್ಪ್ ಪಾಚಿಯ ಕಾಡು. ದಡ ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲೇ ಕಡಲು ಕಡಿದಾಗಿ ಇಳಿಯುತ್ತದೆ. ಜಲಸಂಧಿಯ ನಡುವೆ 300 ಮೀಟರ್ ಮೀರಿದ ಆಳಗಳಿವೆ. ಹಾಗಾಗಿಯೇ ಇಲ್ಲಿ ತಿಮಿಂಗಿಲಗಳು ಬಂಡೆಯ ಮಗ್ಗುಲಿಗೇ ಬಂದು ಹೋಗುತ್ತವೆ. ದೋಣಿ ಹತ್ತಬೇಕಿಲ್ಲ, ದುಬಾರಿ ಟಿಕೆಟ್ಟು ಕೊಳ್ಳಬೇಕಿಲ್ಲ. ಬುತ್ತಿ ಕಟ್ಟಿಕೊಂಡು ಬಂದು ಕಲ್ಲಿನ ಮೇಲೆ ಕೂತರಾಯಿತು.

ಸಿಯಾಟಲ್ ಹತ್ತಿರದ ಬಾತೆಲ್‌ನಲ್ಲಿ ಮಗಳ ಮನೆ. ಆ ಸುತ್ತಿನಲ್ಲಿ ಕನ್ನಡದವರಿಗೇನೂ ಬರವಿಲ್ಲ. ಭೇಟಿಯಾದ ಮನೆಯವರೆಲ್ಲ, "ಅಂಕಲ್, ಓರ್ಕಾ ನೋಡದೆ ಊರಿಗೆ ಹೋಗಬೇಡಿ" ಎನ್ನುವವರೇ. ಓರ್ಕಾ ಎಂದರೆ ಇಲ್ಲಿನ ಕಪ್ಪು-ಬಿಳಿಯ ತಿಮಿಂಗಿಲ. ಹೊನ್ನಾವರದ ಕಡೆಯವನಾದ ನನಗೆ ಕಡಲೇನು ಹೊಸದಲ್ಲ, ಬೋಟಿನ ಸದ್ದೂ ಹೊಸದಲ್ಲ. ಆದರೆ ಕಡಲಿನ ಒಳಗೆ ಏನು ಕೇಳಿಸುತ್ತದೆ ಎಂದು ಅಲ್ಲಿಯವರೆಗೆ ಒಮ್ಮೆಯೂ ಯೋಚಿಸಿದವನಲ್ಲ.

ದೀಪಸ್ತಂಭದ ಕೆಳಗೆ ನೀರಿನಲ್ಲಿ ಹೈಡ್ರೋಫೋನ್ ಇಳಿಬಿಟ್ಟಿದ್ದಾರೆ, ಅಂದರೆ ನೀರಿನೊಳಗಿನ ಮೈಕು. ಅದು ಹಿಡಿದ ಸದ್ದು ಮೇಲಿರುವ ಸ್ಪೀಕರಿನಲ್ಲಿ ಆ ಕ್ಷಣಕ್ಕೇ ಕೇಳಿಸುತ್ತದೆ. ನಾವು ಹೋದಾಗ ಸ್ಪೀಕರು ಗುಂಯ್‌ಗುಡುತ್ತಿತ್ತು. ಕೆಟ್ಟಿರಬೇಕೆಂದು ಮಗಳು ಗುಂಡಿ ಒತ್ತಿ ನೋಡಿದಳು. ಅಲ್ಲಿದ್ದ ಸ್ವಯಂಸೇವಕಿ, ಬೆಳ್ಳಿಕೂದಲಿನ ಹೆಂಗಸು, ನಕ್ಕು ದಕ್ಷಿಣಕ್ಕೆ ಕೈ ತೋರಿಸಿದರು. ಅಲ್ಲಿ ಏನೂ ಇರಲಿಲ್ಲ. ಬರೀ ನೀರು. ಸ್ವಲ್ಪ ಹೊತ್ತಿಗೆ ಸದ್ದು ಏರತೊಡಗಿತು. ಆಮೇಲೆ ದಿಗಂತದ ಮಗ್ಗುಲಲ್ಲಿ ಬಣ್ಣಬಣ್ಣದ ಪೆಟ್ಟಿಗೆ ಹೇರಿಕೊಂಡ ಕಂಟೈನರ್ ಹಡಗೊಂದು ಮೂಡಿತು, ವ್ಯಾಂಕೂವರ್ ಬಂದರಿಗೆ ಹೊರಟದ್ದು. ನಮ್ಮೆದುರು ಅದು ಹಾದಾಗ ಸ್ಪೀಕರಿನಿಂದ ಬಂದದ್ದು ಒಂದೇ ಸಮನೆ ಮೊರೆತ. ಅದರ ನಡುವೆ ಪ್ರೊಪೆಲ್ಲರಿನ ಒಂದೊಂದು ಸುತ್ತೂ ಧಪ್ ಧಪ್ ಎಂದು ಎಣಿಸುವಷ್ಟು ಸ್ಪಷ್ಟ. ನಾನು ಸ್ಪೀಕರಿನಿಂದ ನಾಲ್ಕು ಹೆಜ್ಜೆ ದೂರ ಸರಿದು ಬಂಡೆಯಂಚಿಗೆ ಹೋದೆ. ಅಲ್ಲಿ ಗಾಳಿ, ಒಂದು ಕಾಗೆಯ ಕೂಗು, ಅಷ್ಟೇ. ಕಣ್ಣೆದುರು ಅದೇ ಹಡಗು ಚಿತ್ರದೊಳಗಿನದರ ಹಾಗೆ ಸದ್ದಿಲ್ಲದೆ ಜಾರುತ್ತಿತ್ತು. ಮತ್ತೆ ಸ್ಪೀಕರಿನ ಹತ್ತಿರ ಬಂದೆ. ಕಿವಿ ಗಡಚಿಕ್ಕುವ ಅಬ್ಬರ. ನಾಲ್ಕೇ ಹೆಜ್ಜೆಯಲ್ಲಿ ಎರಡು ಲೋಕ. ನಂಬಲಾಗದೆ ಮತ್ತೊಮ್ಮೆ ಹೋಗಿ ಬಂದೆ. ಮಗಳಿಗೆ ಮುಜುಗರವಾಗಿರಬೇಕು.

ಆ ಅಬ್ಬರ ಎಂಜಿನ್ನಿನದು ಮಾತ್ರವಲ್ಲ. ಪ್ರೊಪೆಲ್ಲರಿನ ಅಲಗು ವೇಗವಾಗಿ ನೀರು ಸೀಳುವಾಗ ಅದರ ಬೆನ್ನಿಗೆ ಒತ್ತಡ ಕುಸಿದು ನೀರೇ ಗುಳ್ಳೆಗಳಾಗುತ್ತದೆ. ಮರುಗಳಿಗೆ ಆ ಗುಳ್ಳೆಗಳು ಸಿಡಿದು ಕುಸಿಯುತ್ತವೆ. ಒಂದೊಂದು ಕುಸಿತವೂ ಒಂದೊಂದು ಪಟಾಕಿ. ಅವು ಲೆಕ್ಕವಿಲ್ಲದಷ್ಟು ಸೇರಿ ಹಡಗಿನ ಗದ್ದಲವಾಗುತ್ತದೆ. ಗಾಳಿಯಲ್ಲಿ ಸೆಕೆಂಡಿಗೆ 340 ಮೀಟರ್ ಓಡುವ ಸದ್ದು ಕಡಲಿನಲ್ಲಿ ಸುಮಾರು 1,500 ಮೀಟರ್ ಓಡುತ್ತದೆ, ಬಹುದೂರದವರೆಗೆ ಸೋಲುವುದೂ ಇಲ್ಲ. ಬೆಳಕಿನ ಕಥೆ ತದ್ವಿರುದ್ಧ. ಈ ಹಸಿರು ತಣ್ಣೀರಿನಲ್ಲಿ ಕೆಲವೇ ಮೀಟರಿಗೆ ಕಣ್ಣು ಸೋತುಹೋಗುತ್ತದೆ. ನೂರು ಮೀಟರ್ ಕೆಳಗೆ ಹಗಲೂ ರಾತ್ರಿಯೇ. ಅಲ್ಲಿ ಬದುಕಬೇಕಾದ ಪ್ರಾಣಿ ಕಣ್ಣನ್ನು ನಂಬಿ ಕೂತರೆ ಹೊಟ್ಟೆ ತುಂಬದು.

ಓರ್ಕಾ ಕಿವಿಯನ್ನು ನಂಬಿದೆ. ಅದರ ನೆತ್ತಿಯ ಉಸಿರುಗಂಡಿಯ ಕೆಳಗೆ ಮೂಗಿನ ಹಾದಿಯಲ್ಲಿ ತುಟಿಗಳಂಥ ಮಡಿಕೆಗಳಿವೆ. ಅವು ಟಿಕ್ ಟಿಕ್ ಎಂಬ ಚುರುಕಾದ ಕ್ಲಿಕ್ಕುಗಳನ್ನು ಹುಟ್ಟಿಸುತ್ತವೆ, ಹಣೆಯಲ್ಲಿರುವ ಕೊಬ್ಬಿನ ಗೆಡ್ಡೆ ಅವನ್ನು ಮುಂದಕ್ಕೆ ಗುರಿಯಿಟ್ಟು ಕಳಿಸುತ್ತದೆ. ಹೋದ ಸದ್ದು ಮೀನಿಗೆ ಬಡಿದು ಮರಳಿದಾಗ ಹಿಡಿದುಕೊಳ್ಳುವುದು ಕೆಳದವಡೆ. ಅದರೊಳಗಿನ ಕೊಬ್ಬಿನ ಮೂಲಕ ಸದ್ದು ಒಳಗಿವಿಗೆ ಮುಟ್ಟುತ್ತದೆ. ಮೀನಿನ ಹೊಟ್ಟೆಯಲ್ಲಿ ಗಾಳಿಚೀಲವೊಂದಿರುತ್ತದಲ್ಲ, ಪ್ರತಿಧ್ವನಿಯ ಹೆಚ್ಚು ಪಾಲು ಬರುವುದು ಅದರಿಂದ. ಚಿನೂಕ್ ಜಾತಿಯ ಸಾಲ್ಮನ್‌ನ ಪ್ರತಿಧ್ವನಿಯ ವಿನ್ಯಾಸವೇ ಬೇರೆ, ಕೋಹೋ, ಸಾಕೈ ಸಾಲ್ಮನ್‌ಗಳದ್ದೇ ಬೇರೆ ಎಂದು ಅಳೆದು ನೋಡಿದವರಿದ್ದಾರೆ. ಇಲ್ಲಿನ ಓರ್ಕಾಗಳಿಗೆ ಬೇಕಾದದ್ದು ದಪ್ಪನೆಯ, ಕೊಬ್ಬಿದ ಚಿನೂಕ್. ಅಂದರೆ ಕತ್ತಲಲ್ಲಿ ಮೀನಿನ ಹೊಟ್ಟೆಯೊಳಗಿನ ಗಾಳಿಯ ಸದ್ದು ಕೇಳಿ, ಇದು ಇಂಥ ಮೀನು, ಬೆನ್ನಟ್ಟಬಹುದು ಎಂದು ತೀರ್ಮಾನಿಸುವ ಬೇಟೆ ಇದು. ಮಲ್ಪೆಯ ಮೀನು ಮಾರ್ಕೆಟ್ಟಿನಲ್ಲಿ ಕಿವಿರು ಎತ್ತಿ ನೋಡಿ ಆರಿಸುವವರ ಜಾಣ್ಮೆ ಇದರ ಮುಂದೆ ಏನೂ ಅಲ್ಲ.

ಈ ನೀರಿನಲ್ಲಿ ಎರಡು ಬಗೆಯ ಓರ್ಕಾಗಳಿವೆ, ಒಂದರ ಊಟ ಇನ್ನೊಂದಕ್ಕೆ ಒಗ್ಗದು. ಸೀಲ್‌ಗಳನ್ನು ತಿನ್ನುವ ಪಂಗಡ ಬೇಟೆಯ ಹೊತ್ತಿನಲ್ಲಿ ಪಿಟ್ಟೆನ್ನುವುದಿಲ್ಲ. ಸೀಲಿಗೂ ಚುರುಕಾದ ಕಿವಿಯಿದೆ, ಸುಳಿವು ಸಿಕ್ಕರೆ ತಪ್ಪಿಸಿಕೊಳ್ಳುತ್ತದೆ. ಮೀನು ತಿನ್ನುವ ಪಂಗಡಕ್ಕೆ ಆ ಭಯವಿಲ್ಲ, ಹಾಗಾಗಿ ಸದಾ ಮಾತು. ಜೆ, ಕೆ, ಎಲ್ ಎಂದು ಹೆಸರಿಟ್ಟ ಮೂರು ಬಳಗಗಳು ಅವು. ಮಗ ಎಷ್ಟೇ ದೊಡ್ಡವನಾದರೂ ತಾಯಿಯ ಮಗ್ಗುಲು ಬಿಟ್ಟು ಹೋಗುವುದಿಲ್ಲ. ಹೆರುವ ವಯಸ್ಸು ದಾಟಿದ ಅಜ್ಜಿಯರು ಮುಂದೆ ನಿಂತು ಬಳಗ ನಡೆಸುತ್ತಾರೆ. ಒಂದೊಂದು ಬಳಗಕ್ಕೂ ತನ್ನದೇ ಕರೆಗಳ ಗಂಟು ಇದೆ ಎಂದು ಕೆನಡಾದ ಜಾನ್ ಫೋರ್ಡ್ 1970-80ರ ದಶಕಗಳಲ್ಲಿ ಕಂಡುಕೊಂಡರು. ದನಿ ಕೇಳಿದರೆ ಸಾಕು, ಇದು ಜೆ ಮನೆಯವರು, ಇದು ಎಲ್ ಮನೆಯವರು ಎಂದು ಬಲ್ಲವರು ಹೇಳುತ್ತಾರೆ. ಈ ಮೂರು ಬಳಗ ಸೇರಿ 1995ರಲ್ಲಿ 98 ಜೀವಗಳಿದ್ದವು. ಈಗ 75ರ ಆಸುಪಾಸು. ಅಮೆರಿಕ 2005ರಲ್ಲಿ ಇವನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಹಿಂದೆಲ್ಲ ಬೇಸಿಗೆಯಲ್ಲಿ ದಿನ ಬಿಡದೆ ಕಾಣುತ್ತಿದ್ದವು ಈಗ ವಾರಗಟ್ಟಲೆ ಮುಖ ತೋರಿಸುವುದಿಲ್ಲ. "ಕಂಡರೆ ನಿಮ್ಮ ಪುಣ್ಯ" ಎಂಬರ್ಥದ ಮಾತನ್ನು ಆ ಬೆಳ್ಳಿಕೂದಲಿನ ಅಮ್ಮ ಮೊದಲೇ ಆಡಿದ್ದರು.

ಪುಣ್ಯವಿತ್ತು. ಚಿತ್ರಾನ್ನದ ಡಬ್ಬಿ ತೆರೆದಿದ್ದಷ್ಟೇ, ಸ್ಪೀಕರಿನಲ್ಲಿ ಮೊದಲು ಕ್ಲಿಕ್ಕುಗಳು ಬಂದವು. ಬಿಡಿಬಿಡಿಯಾಗಿ, ಆಮೇಲೆ ಒಂದರ ಮೇಲೊಂದು. ಅದರ ಹಿಂದೆಯೇ ಮೇಲಕ್ಕೇರಿ ಚಕ್ಕನೆ ತಿರುಗಿಕೊಳ್ಳುವ ಕೀರಲು ಕೂಗು, ಅದಕ್ಕೊಂದು ಮರುಕೂಗು, ಅದಕ್ಕಿಂತ ತೆಳುವಾದ ಮೂರನೆಯದು. ಸ್ವಯಂಸೇವಕಿ ತುಟಿಯ ಮೇಲೆ ಬೆರಳಿಟ್ಟು, "ಜೆ" ಎಂದರು. ನೀರಿನ ಮೇಲೆ ಇನ್ನೂ ಏನೂ ಇಲ್ಲ! ಅಷ್ಟು ಹೊತ್ತು ಹರಟುತ್ತಿದ್ದ ಹತ್ತಿಪ್ಪತ್ತು ಮಂದಿ ಒಟ್ಟಿಗೆ ಎದ್ದು ನಿಂತರು.

ಮೊದಲು ಕಂಡದ್ದು ಉಸಿರು. ಫೂ ಎಂದು ನೀರ ಹಬೆ ಎದ್ದು, ಬಿಸಿಲಿಗೆ ಹೊಳೆದು, ಕರಗುವ ಮುನ್ನವೇ ಕರಿಯ ಬೆನ್ನುರೆಕ್ಕೆ. ಗಂಡಿನದಿರಬೇಕು, ಆಳೆತ್ತರ. ಆ ರೆಕ್ಕೆ ನೀರಿನಿಂದ ಮೇಲೇಳುತ್ತಲೇ ಹೋಯಿತು, ಇನ್ನೇನು ಮುಗಿಯಿತು ಎಂದುಕೊಂಡ ಮೇಲೂ ಎದ್ದಿತು. ಅದರ ಹಿಂದೆ ಗಿಡ್ಡ ರೆಕ್ಕೆಯ ಹೆಣ್ಣುಗಳು, ಬೆನ್ನ ಮೇಲೆ ಬೂದು ಮಚ್ಚೆ. ಒಂದರ ಪಕ್ಕಕ್ಕೆ ಅಂಟಿಕೊಂಡು ಮರಿ. ಮರಿಯ ಬಿಳಿಯ ಭಾಗಗಳಲ್ಲಿ ಇನ್ನೂ ಕಿತ್ತಳೆಯ ಛಾಯೆಯಿತ್ತು. ಒಂದು ಹೆಣ್ಣು ಕೆಲ್ಪ್ ಪಾಚಿಯ ಅಂಚಿಗೇ ಬಂದು ಮಗ್ಗುಲು ಮಗುಚಿತು. ಬಿಳಿಯ ಹೊಟ್ಟೆ, ಗುಂಡನೆಯ ಈಜುರೆಕ್ಕೆ, ಕಣ್ಣಿನ ಹಿಂದಿನ ಬಿಳಿ ಪಟ್ಟೆ, ಎಲ್ಲ ಹಸಿರು ನೀರಿನಡಿ ನಿಚ್ಚಳವಾಗಿ ಕಂಡವು. ಅದೇ ಹೊತ್ತಿಗೆ ಸ್ಪೀಕರಿನಲ್ಲಿ ಕ್ಲಿಕ್ಕುಗಳು ದಟ್ಟೈಸಿ ಒಂದೇ ಗುರ್ರಾಗಿ, ಥಟ್ಟನೆ ನಿಂತವು. ಮೀನಿನ ತೀರ ಹತ್ತಿರ ಹೋದಾಗ ಹಾಗಾಗುತ್ತದಂತೆ. ಸಿಕ್ಕಿತೋ ತಪ್ಪಿತೋ ತಿಳಿಯಲಿಲ್ಲ. ನನ್ನ ಕೈಯಲ್ಲಿದ್ದ ಚಮಚ ಎಲ್ಲಿ ಬಿತ್ತೋ ಅದೂ ತಿಳಿಯಲಿಲ್ಲ.

ಆಗಲೇ ಬಂತು ಇನ್ನೊಂದು ಹಡಗಿನ ಗುಂಯ್‌ಗಾಟ. ಕೂಗುಗಳು ಅದರೊಳಗೆ ಮುಳುಗಿದವು. ನಿಂತವು ಅನ್ನಲಾರೆ, ಓರ್ಕಾಗಳು ಕೂಗುತ್ತಲೇ ಇದ್ದಿರಬೇಕು; ನಮಗೆ ಕೇಳಿಸಲಿಲ್ಲ, ಅವಕ್ಕೂ ಒಂದಕ್ಕೊಂದು ಎಷ್ಟು ಕೇಳಿಸಿತೋ. ಈ ಜಲಸಂಧಿಯಲ್ಲೇ ಮಾರ್ಲಾ ಹೋಲ್ಟ್ ಮತ್ತು ಸಂಗಡಿಗರು ಅಳೆದು 2009ರಲ್ಲಿ ಪ್ರಕಟಿಸಿದ ಲೆಕ್ಕವಿದೆ: ಸುತ್ತಲಿನ ಗದ್ದಲ ಒಂದು ಡೆಸಿಬೆಲ್ ಏರಿದರೆ ಓರ್ಕಾ ತನ್ನ ಕೂಗನ್ನೂ ಒಂದು ಡೆಸಿಬೆಲ್ ಏರಿಸುತ್ತದೆ. ಕೂಗನ್ನಾದರೆ ಏರಿಸಬಹುದು, ಮೀನಿಗೆ ಬಡಿದು ಬರುವ ಪ್ರತಿಧ್ವನಿಯನ್ನು ಏನು ಮಾಡುವುದು? ಹಡಗಿನ ಸದ್ದು ತಗ್ಗು ಸ್ವರದ್ದು, ಓರ್ಕಾದ ಕ್ಲಿಕ್ಕು ಎತ್ತರದ ಸ್ವರದ್ದು, ಎರಡಕ್ಕೂ ತಾಕಲಾಟವಿಲ್ಲ ಎಂಬ ಸಮಾಧಾನ ಬಹಳ ಕಾಲ ಇತ್ತು. ಸ್ಕಾಟ್ ವೀರ್ಸ್, ಅವರ ತಂದೆ ವ್ಯಾಲ್ ವೀರ್ಸ್ ಮತ್ತು ಜೇಸನ್ ವುಡ್ ಇದೇ ಲೈಮ್ ಕಿಲ್ನ್‌ನಲ್ಲಿ ಹೈಡ್ರೋಫೋನ್ ಇಟ್ಟು ಸುಮಾರು 1,600 ಹಡಗುಗಳ ಸದ್ದು ದಾಖಲಿಸಿದರು. ದಿನಕ್ಕೆ ಹೆಚ್ಚುಕಡಿಮೆ 20 ಹಡಗು ಇಲ್ಲಿ ಹಾಯುತ್ತವೆ. 2016ರಲ್ಲಿ ಅವರು ಕೊಟ್ಟ ವರದಿ ಆ ಸಮಾಧಾನವನ್ನು ಕಿತ್ತುಕೊಂಡಿತು: ಈ ದಡದಷ್ಟು ಹತ್ತಿರದಲ್ಲಿ ಹಡಗಿನ ಸದ್ದು ಓರ್ಕಾ ಬೇಟೆಗೆ ಬಳಸುವ ಸ್ವರದವರೆಗೂ ಏರುತ್ತದೆ. ದೋಣಿ ಹತ್ತಿರ ಬಂದರೆ ಬೇಟೆ ಬಿಡುವುದು ಹೆಚ್ಚಾಗಿ ಹೆಣ್ಣುಗಳೇ ಎಂದು ಆಮೇಲಿನ ಅಧ್ಯಯನ ಹೇಳಿತು. ಮೊಲೆಯೂಡುವ ತಾಯಿಯ ಬಾಯಿಯ ತುತ್ತು ಅದು.

ಈ ಕಡಲಿನವರಿಗೆ ಮನುಷ್ಯನ ಸದ್ದಿನ ಪರಿಚಯ ಹಳೆಯದು. 1970ರ ಆಗಸ್ಟಿನಲ್ಲಿ ಇಲ್ಲಿಂದ ಆಗ್ನೇಯಕ್ಕಿರುವ ಪೆನ್ ಕೋವ್ ಎಂಬ ಕೊಲ್ಲಿಗೆ ಇಡೀ ಬಳಗಗಳನ್ನು ಅಟ್ಟಿಕೊಂಡು ಹೋದರು. ಅಟ್ಟಿದ್ದು ವೇಗದ ದೋಣಿಗಳಿಂದ, ವಿಮಾನದಿಂದ, ನೀರಿನಲ್ಲಿ ಸಿಡಿಸಿದ ಸಿಡಿಮದ್ದಿನಿಂದ. ಮರಿಗಳನ್ನು ಹಿಡಿದು ಅಕ್ವೇರಿಯಮ್ಮುಗಳಿಗೆ ಮಾರಿದರು. ಆಗ ಸಿಕ್ಕಿಬಿದ್ದ ಟೋಕಿಟೇ ಎಂಬ ಹೆಣ್ಣು ಮಯಾಮಿಯ ತೊಟ್ಟಿಯಲ್ಲಿ 50 ವರ್ಷ ಮೀರಿ ಬದುಕಿ 2023ರ ಆಗಸ್ಟಿನಲ್ಲಿ ಸತ್ತಿತು. ಕೊನೆಯವರೆಗೂ ತನ್ನ ಎಲ್ ಬಳಗದ ಕೂಗನ್ನು ಮರೆತಿರಲಿಲ್ಲವಂತೆ.

ಈ ದ್ವೀಪದಲ್ಲಿ ಕೆನ್ ಬಾಲ್ಕೋಂಬ್ ಎಂಬವರಿದ್ದರು, 2022ರಲ್ಲಿ ತೀರಿಕೊಂಡರು. 1976ರಿಂದ ಒಂದೊಂದು ಓರ್ಕಾದ ಫೋಟೋ ತೆಗೆದು ತಲೆ ಎಣಿಸಿದವರು. ಮೊದಲು ಅವರು ಅಮೆರಿಕದ ನೌಕಾಪಡೆಯಲ್ಲಿ, ಸೋವಿಯತ್ ಜಲಾಂತರ್ಗಾಮಿಗಳ ಸುಳಿವಿಗಾಗಿ ಕಡಲಿಗೆ ಕಿವಿಗೊಡುವ ಕೆಲಸದಲ್ಲಿದ್ದವರು. 2000ದ ಮಾರ್ಚಿನಲ್ಲಿ ಬಹಾಮಾಸ್‌ನ ಅಬಾಕೋ ದ್ವೀಪದಲ್ಲಿ ಇದ್ದಾಗ ಅವರ ಮನೆಯೆದುರಿನ ದಡಕ್ಕೇ ಕೊಕ್ಕು ತಿಮಿಂಗಿಲವೊಂದು ಬಂದು ಬಿತ್ತು. ಸುತ್ತಲಿನ ದ್ವೀಪಗಳಲ್ಲೆಲ್ಲ ಒಟ್ಟು 17 ಪ್ರಾಣಿಗಳು ದಡ ಸೇರಿದ್ದವು. ಬಾಲ್ಕೋಂಬ್ ಸತ್ತವುಗಳ ತಲೆ ಕತ್ತರಿಸಿ ಮಂಜುಗಡ್ಡೆಯಲ್ಲಿ ಕಾಪಿಟ್ಟರು. ಪರೀಕ್ಷಿಸಿದಾಗ ಕಿವಿಯ ಸುತ್ತ ರಕ್ತ ಒಸರಿತ್ತು. ಸದ್ದು ಹಾಯಿಸಿ ಜಲಾಂತರ್ಗಾಮಿ ಹುಡುಕುವ ನೌಕಾಪಡೆಯ ಸೋನಾರ್ ಅಭ್ಯಾಸವೇ ಕಾರಣವಿರಬೇಕೆಂದು 2001ರ ಕೊನೆಯಲ್ಲಿ ನೌಕಾಪಡೆಯೂ ಸೇರಿ ಬರೆದ ವರದಿ ಒಪ್ಪಿತು. ಬಹಾಮಾಸ್‌ನ ಆ ಘಟನೆಯಾಗಿ ಮೂರು ವರ್ಷಕ್ಕೆ, 2003ರ ಮೇ 5ರಂದು, ಈ ಹಾರೋ ಜಲಸಂಧಿಯಲ್ಲೇ ಶೂಪ್ ಎಂಬ ಯುದ್ಧನೌಕೆ ಸೋನಾರ್ ಹಾಯಿಸುತ್ತ ಬಂತು. ಜೆ ಬಳಗ ಕಂಗಾಲಾಗಿ ದಡಕ್ಕೆ ಒತ್ತರಿಸಿಕೊಂಡದ್ದನ್ನು ಇದೇ ಬಾಲ್ಕೋಂಬ್ ಚಿತ್ರೀಕರಿಸಿದರು. ಆ ಸೋನಾರಿನ ಕೂಗು ಹೈಡ್ರೋಫೋನುಗಳಲ್ಲೂ ದಾಖಲಾಯಿತು. ಎರಡು ಕಡಲು, ಒಂದೇ ಪಿಡುಗು, ಸಾಕ್ಷಿಯೂ ಒಬ್ಬನೇ. ಕಾದಂಬರಿಯಲ್ಲಿ ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು.

ಮಧ್ಯಾಹ್ನ ಬಂಡೆಯ ಮೇಲೆ ಕೂತು ಕೇಳಿದ ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿತು. 2001ರ ಸೆಪ್ಟೆಂಬರ್ 11ರ ದಾಳಿಯಾದ ಮೇಲೆ ಕೆಲವು ದಿನ ಅಮೆರಿಕದ ಪೂರ್ವ ಕರಾವಳಿಯಲ್ಲಿ ಹಡಗು ಸಂಚಾರ ಕುಗ್ಗಿತು. ಕೆನಡಾದ ಫಂಡಿ ಕೊಲ್ಲಿಯಲ್ಲಿ ಆಗ ರೋಸಲಿಂಡ್ ರೋಲೆಂಡ್ ಎಂಬ ವಿಜ್ಞಾನಿಯ ತಂಡ ರೈಟ್ ತಿಮಿಂಗಿಲಗಳ ಮಲ ಹೆಕ್ಕುತ್ತಿತ್ತು, ಬೇರೊಂದು ಕೆಲಸಕ್ಕೆ. ಆಮೇಲೆ ಕಡಲಿನ ಸದ್ದಿನ ದಾಖಲೆಯನ್ನೂ ಮಲದ ಪರೀಕ್ಷೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಆ ದಿನಗಳಲ್ಲಿ ಗದ್ದಲ 6 ಡೆಸಿಬೆಲ್ ಇಳಿದಿತ್ತು. ತಿಮಿಂಗಿಲಗಳ ಮೈಯ ಒತ್ತಡದ ಹಾರ್ಮೋನೂ ಇಳಿದಿತ್ತು. ಜಗತ್ತೆಲ್ಲ ನಡುಗುತ್ತಿದ್ದ ಆ ವಾರ ಅವು ಮಾತ್ರ ನಿರಾಳವಾಗಿದ್ದವು. ಇಲ್ಲೂ ಓರ್ಕಾದ ಮಲವನ್ನು ಹೀಗೇ ಹುಡುಕುತ್ತಾರೆ, ಅದಕ್ಕೆ ಮೂಸುವ ನಾಯಿ ಬೇಕು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸ್ಯಾಮ್ ವಾಸರ್ ತಂಡದ ಹೆಸರಾಂತ ನಾಯಿ ಟಕರ್, ಸಿಯಾಟಲ್ ಬೀದಿಯಲ್ಲಿ ಸಿಕ್ಕ ಕರಿಯ ಲ್ಯಾಬ್ರಡಾರ್ ಬೆರಕೆ. ದೋಣಿಯ ಮೂತಿಯಲ್ಲಿ ನಿಂತು ಮೈಲಿ ದೂರದ ವಾಸನೆ ಹಿಡಿಯುತ್ತಿತ್ತು, ಆದರೆ ನೀರಿಗಿಳಿಯಲು ಅದಕ್ಕೆ ಜೀವಭಯ! ಅವರ ಪರೀಕ್ಷೆಗಳು ಹೇಳಿದ್ದು ದೋಣಿಗಿಂತ ಹಸಿವೇ ದೊಡ್ಡ ಶತ್ರು ಎಂದು. ಚಿನೂಕ್ ಮೀನು ಕಮ್ಮಿಯಾಗಿದೆ. ಮೈಕೊಬ್ಬಿನಲ್ಲಿ ಪಿಸಿಬಿ ಎಂಬ ಹಳೆಯ ಕೈಗಾರಿಕಾ ವಿಷ ಬೇರೆ ತುಂಬಿದೆ. ಇರುವ ನಾಲ್ಕು ಮೀನನ್ನು ಹುಡುಕಿಕೊಳ್ಳಲು ಸದ್ದು ಬಿಡುತ್ತಿಲ್ಲ.

ನನಗೆ ಕಂಡ ಹಾಗೆ ಈ ಮೂರರಲ್ಲಿ ಸದ್ದಿನದು ಬೇರೆಯೇ ಜಾತಿ. ಪಿಸಿಬಿಯನ್ನು ಅಮೆರಿಕ 1970ರ ದಶಕದಲ್ಲೇ ನಿಷೇಧಿಸಿದರೂ ಅದು ತಾಯಿಯ ಹಾಲಿನಲ್ಲಿ ಮರಿಗೆ ಇಳಿಯುತ್ತಲೇ ಇದೆ. ಅಣೆಕಟ್ಟು ಕೆಡವಿ, ಹೊಳೆ ಸರಿಮಾಡಿ ಸಾಲ್ಮನ್ ಮರಳಬೇಕಾದರೆ ದಶಕಗಳು ಬೇಕು. ಸದ್ದು ಹಾಗಲ್ಲ. ಅದಕ್ಕೆ ಗಷ್ಟಿಲ್ಲ, ಬೇರಿಲ್ಲ, ಎಂಜಿನ್ ನಿಂತ ಗಳಿಗೆಗೆ ಅದೂ ಇಲ್ಲ. ನಿಲ್ಲಿಸುವುದೂ ಬೇಡ, ನಿಧಾನಿಸಿದರೂ ಆದೀತು. ಪ್ರೊಪೆಲ್ಲರ್ ನಿಧಾನವಾದಷ್ಟೂ ಗುಳ್ಳೆ ಕಡಿಮೆ. ಒಂದು ನಾಟ್ ವೇಗ ಇಳಿದರೆ ಸುಮಾರು ಒಂದು ಡೆಸಿಬೆಲ್ ಇಳಿಯುತ್ತದೆಂದು ವೀರ್ಸ್ ತಂಡದ ಲೆಕ್ಕ. 2017ರಲ್ಲಿ ವ್ಯಾಂಕೂವರ್ ಬಂದರು ಪ್ರಾಧಿಕಾರ ಈ ಜಲಸಂಧಿಯಲ್ಲಿ 11 ನಾಟ್‌ಗೆ ಇಳಿಯಿರಿ ಎಂದು ಹಡಗುಗಳನ್ನು ಕೇಳಿಕೊಂಡಿತು. ಕಡ್ಡಾಯವಲ್ಲ, ದಂಡವಿಲ್ಲ. ಅರ್ಧಕ್ಕಿಂತ ಹೆಚ್ಚು ಹಡಗುಗಳು ಒಪ್ಪಿದವು, ಕಡಲು ಅಷ್ಟಕ್ಕಷ್ಟು ತಣ್ಣಗಾಯಿತು. ಆಮೇಲೆ ಅದು ಪ್ರತಿವರ್ಷದ ಪಾಠವಾಗಿದೆ. ವಾಷಿಂಗ್ಟನ್ ರಾಜ್ಯವಂತೂ 2025ರಿಂದ ಈ ಮೂರು ಬಳಗಗಳಿಂದ ಎಲ್ಲ ದೋಣಿಗಳೂ 1,000 ಗಜ ದೂರ ಇರಬೇಕೆಂದು ಕಾನೂನು ಮಾಡಿದೆ. ವ್ಯಾಪಾರದ ಹಡಗು ಗಂಟೆ ತಡವಾದರೆ ಏನಾಗುತ್ತದೆ ಎಂದು ನಮ್ಮಲ್ಲಿ ಕೇಳಿದರೆ ಎಷ್ಟು ಉತ್ತರ ಬರುತ್ತದೋ ಬಲ್ಲೆ.

ನಮ್ಮ ಕಡಲೂ ಮೂಕವಲ್ಲ. ಮುರ್ಡೇಶ್ವರದಾಚೆಯ ನೇತ್ರಾಣಿಯಲ್ಲಿ ಮುಳುಗಿದವರನ್ನು ಕೇಳಿ: ನೀರಿನೊಳಗೆ ಕಿವಿ ಹೋದ ಕೂಡಲೇ ಬಿಸಿ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಚಟಪಟ ಶುರು. ಕೊಂಡಿ ಬಡಿಯುವ ಪುಟ್ಟ ಸಿಗಡಿಗಳ ಕೆಲಸ ಅದು. ಕಾಳಿ, ಅಘನಾಶಿನಿ ಕಡಲು ಸೇರುವಲ್ಲಿ ಗೂನುಬೆನ್ನಿನ ಡಾಲ್ಫಿನ್‌ಗಳಿವೆ, ಅವೂ ಕ್ಲಿಕ್ಕಿಸಿಯೇ ಮೀನು ಹುಡುಕುತ್ತವೆ. ನಮ್ಮ ಹೊನ್ನಾವರದ ಕಾಸರಕೋಡಿನಲ್ಲಿ ಬಂದರು ಕಟ್ಟುವ ಜಗಳವೆದ್ದಾಗ ಮೀನುಗಾರರ ಮನೆಗಳ ಮಾತು ಬಂತು, ಕಡಲಾಮೆಯ ಮೊಟ್ಟೆಗಳ ಮಾತು ಬಂತು. ಸದ್ದಿನ ಮಾತನ್ನು ಯಾರ ಬಾಯಲ್ಲೂ ನಾನು ಕೇಳಲಿಲ್ಲ. ನಾನೂ ಎತ್ತಿರಲಿಲ್ಲ.

ಸಂಜೆ ಫ್ರೈಡೇ ಹಾರ್ಬರಿನಿಂದ ಹೊರಟ ಫೆರ್ರಿ ಕಾರುಗಳನ್ನೂ ನಮ್ಮನ್ನೂ ಹೊತ್ತು ದ್ವೀಪಗಳ ನಡುವೆ ಸಾಗುತ್ತಿತ್ತು. ಈ ನೀರಿನಲ್ಲಿ ತಿಮಿಂಗಿಲ ಎಲ್ಲಾದರೂ ಕಂಡರೆ ಸುದ್ದಿ ಕಪ್ತಾನರಿಗೆ ತಕ್ಷಣ ಮುಟ್ಟುವ ಏರ್ಪಾಡಿದೆ. ಅರ್ಧ ದಾರಿಯಲ್ಲಿ ನೆಲದ ನಡುಕ ಕಡಿಮೆಯಾಯಿತು. ಮುಂದೆ ಓರ್ಕಾಗಳಿವೆ, ನಿಧಾನವಾಗಿ ಹೋಗುತ್ತೇವೆ ಎಂದು ಘೋಷಣೆಯಾಯಿತು. ಮಕ್ಕಳು ಕಿಟಕಿಗೆ ಓಡಿದರು. ಕಾಫಿ ಹಿಡಿದಿದ್ದ ಒಬ್ಬ ಗಡಿಯಾರ ನೋಡಿ ವಿಮಾನ ತಪ್ಪುತ್ತದೆಂದು ಗೊಣಗಿದ. ಮಗಳೂ ಫೋನ್ ತೆಗೆದು ಯಾರಿಗೋ ತಡವಾಗುತ್ತದೆಂದು ಬರೆದಳು. "ಅಪ್ಪಾ, ನಿನ್ನ ಓರ್ಕಾಗಳಿಂದ ನನ್ನ ಮೀಟಿಂಗ್ ಹೋಯ್ತು" ಎಂದಳು. ಕಿಟಕಿಯಲ್ಲಿ ಒಂದು ರೆಕ್ಕೆಯೂ ಕಾಣಲಿಲ್ಲ. ಅನಕೋರ್ಟಿಸ್ ದಕ್ಕೆ ಮುಟ್ಟಿದಾಗ ಕತ್ತಲಾಗಿತ್ತು. ಕಾರುಗಳು ಸಾಲಾಗಿ ಇಳಿಯತೊಡಗಿದವು, ಹಿಂದಿನಿಂದ ಯಾರೋ ಉದ್ದಕ್ಕೆ ಹಾರ್ನ್ ಹೊಡೆದರು. ಅಮೆರಿಕಕ್ಕೆ ಬಂದ ಮೇಲೆ ನಾನು ಕೇಳಿದ ಮೊದಲ ಹಾರ್ನ್ ಅದು.